ಅಕ್ಕನ ಕಡೆಯ ಹುಲ್ಲು

ಅಮೆರಿಕದ ಮೊಂಟಾನಾದ ಕಲ್ಲಿದ್ದಲು ಗಣಿ ಮುಚ್ಚಿದ ಮೇಲೆ, ಅಗೆದು ಹಾಳಾಗಿದ್ದ ದಿಬ್ಬ ವರ್ನಾಗೂ ಅವಳ ತಮ್ಮ ಹಾರ್ಲನ್‌ಗೂ ಮರಳಿ ಬಂತು. ನಡುವೆ ಬೇಲಿ ಹಾಕಿ ಹಂಚಿಕೊಂಡರು. ಚಳಿಗಾಲವನ್ನು ಮಣ್ಣಿನಲ್ಲಿ ಕಳೆದರೇ ಚೆನ್ನಾಗಿ ಮೊಳೆಯುವ ಅಲ್ಲಿನ ನಾಡಹುಲ್ಲಿನ ಬೀಜವನ್ನು ವರ್ನಾ ಹಿಮ ಬೀಳುವ ಮುಂಚೆಯೇ ಬಿತ್ತಿದಳು. ಹಾರ್ಲನ್ ಅದನ್ನು ನೋಡಿ ನಕ್ಕು, ವಸಂತದಲ್ಲಿ ಬಿತ್ತಿದ. ಎರಡನೇ ವರ್ಷ ಅಕ್ಕನ ಕಡೆ ಹುಲ್ಲು ಬುಡಬುಡಕ್ಕೂ ಕಂತೆ ಕಟ್ಟಿದಂತೆ ತುಂಬಿಕೊಂಡಿತು. ಅವನ ಕಡೆ ಬರೀ ಕಳೆ. ದಾರಿಹೋಕರು ಟ್ರಕ್ ನಿಲ್ಲಿಸಿ ಅವಳ ಹುಲ್ಲನ್ನು ಹೊಗಳುತ್ತಿದ್ದರೆ ಹಾರ್ಲನ್‌ಗೆ ಊಟ ಸೇರುತ್ತಿರಲಿಲ್ಲ.

ಒಂದು ಬೆಳಗ್ಗೆ ಅವನು ಬೇಲಿಯ ಗೇಟಿನ ಸರಪಳಿ ಬಿಚ್ಚಿದ. ಅವನ ದನಗಳು ನುಗ್ಗಿ ಎಳೆಯ ಹುಲ್ಲನ್ನು ಬೇರುಸಮೇತ ಕಿತ್ತವು.

"ಗಾಳಿಗೆ ತೆರ್ಕೊಂಡಿರ್ಬೇಕು ಅಕ್ಕ," ಎಂದ.

"ಸರಪಳಿ ಬಿಚ್ಚೋ ಗಾಳೀನ ನಾನಂತೂ ಕಂಡಿಲ್ಲ ಕಣೋ. ಹೊಟ್ಟೆಕಿಚ್ಚು ಅನ್ನು, ನಂಬ್ತೀನಿ."

ಹಾರ್ಲನ್ ತಲೆ ತಗ್ಗಿಸಿದ. "ಹೌದು. ನಿನ್ನ ಹುಲ್ಲು ನೋಡಿದ್ರೆ ಮೈಯೆಲ್ಲ ಉರಿಯುತ್ತೆ."

ವರ್ನಾ ಬೀಜದ ಚೀಲ ತಂದು ಅವನ ಕಾಲ ಬಳಿ ಹಾಕಿದಳು. "ಚಳಿ ಶುರುವಾಗ್ಲಿ, ಎರಡೂ ಕಡೆ ನೀನೇ ಬಿತ್ತು. ಆಮೇಲೆ ಎಷ್ಟಾದ್ರೂ ಉರ್ಕೋ."

ಅವನು ಬಿತ್ತಿದ. ಹಿಮ ಕರಗಿದಾಗ ಎರಡೂ ಕಡೆ ಒಂದೇ ಹಸಿರು ಮೂಡಿತು. ಆದರೂ ಹಾರ್ಲನ್ ದಿನಾ ಬೇಲಿಗೆ ಒರಗಿ ನೋಡುತ್ತಿದ್ದ. ಅಕ್ಕನ ಕಡೆಯದೇ ತುಸು ದಟ್ಟವೆಂದು ಅವನಿಗೆ ಅನ್ನಿಸುತ್ತಲೇ ಇತ್ತು.