ತೂಬಾ, ಬೇಗ ಇಳಿಸು!

ಮಳವಳ್ಳಿಯ ಕೆಂಪಸಿದ್ದಯ್ಯನಿಗೆ ಗೊತ್ತಿಲ್ಲದ್ದು ಈ ಭೂಮಿ ಮೇಲೆ ಏನೂ ಇರಲಿಲ್ಲ. ಹಾಗಂತ ‘ಕೇಳಿ ತಿಳಿ’ ಅನ್ನೋ ವಾಟ್ಸಾಪ್ ಗುಂಪಿನ ಇನ್ನೂರು ಚಿಲ್ಲರೆ ಜನ ನಂಬಿದ್ದರು. ಆಡಿಗೆ ಯಾಕೆ ಗಡ್ಡ, ಸಮುದ್ರಕ್ಕೆ ಯಾಕೆ ಉಪ್ಪು, ಯಾರು ಏನೇ ಕೇಳಲಿ, ಹತ್ತೇ ನಿಮಿಷದಲ್ಲಿ ಮಾರುದ್ದದ ಉತ್ತರ ಬಂದು ಬೀಳುತ್ತಿತ್ತು. ಶಿವನಸಮುದ್ರದ ಪವರ್‌ಹೌಸಿನಲ್ಲಿ ಮೂವತ್ತೊಂದು ವರ್ಷ ಮಿಷಿನ್ನು ನೋಡಿಕೊಂಡು ರಿಟೈರಾದ ಮನುಷ್ಯ ಇಷ್ಟೆಲ್ಲ ಯಾವಾಗ ಓದಿದ ಅಂತ ಒಬ್ಬರಾದರೂ ಕೇಳಬೇಡವೇ? ಕೇಳಲಿಲ್ಲ.

ಓದೋದೆಲ್ಲಿ ಬಂತು, ಮಣ್ಣಾಂಗಟ್ಟಿ! ಪ್ರಶ್ನೆ ಬಂದ ತಕ್ಷಣ ಜಗಲಿ ಮೇಲೆ ಕೂತು ಫೋನಿನಲ್ಲಿ ವಿಕಿಪೀಡಿಯ ತೆಗೆಯೋದು, ಬೆರಳಲ್ಲಿ ಒತ್ತಿ ಹಿಡಿಯೋದು, ಎತ್ತಿ ತಂದು ಗುಂಪಿಗೆ ಸುರಿಯೋದು. ಎಲ್ಲಿಂದ ತಂದೆ ಅನ್ನೋ ಮಾತೇ ಇಲ್ಲ. ಕೊನೆಗೆ ಮಾತ್ರ ‘ಇಂತಿ, ಕೆಂಪಸಿದ್ದಯ್ಯ’. ಅವಸರದಲ್ಲಿ ಎತ್ತಿದವನಿಗೆ ಕಲ್ಲು ಆರಿಸೋ ವ್ಯವಧಾನ ಎಲ್ಲಿ? ಈ ಮಾತಿಗೆ ಆಧಾರ ಎಲ್ಲಿ ಅಂತ ಕೇಳೋ ‘ಉಲ್ಲೇಖದ ಅಗತ್ಯವಿದೆ’ ಅನ್ನೋದೂ ಜೊತೆಗೇ ಬರೋದು, ‘ಈ ಲೇಖನ ಅಪೂರ್ಣ, ನೀವೂ ಇದನ್ನು ಬೆಳೆಸಬಹುದು’ ಅನ್ನೋದೂ ಬರೋದು. ಜನ ಅದಕ್ಕೂ ಮರುಳಾದರು. ಇಷ್ಟು ತಿಳಕೊಂಡಿದ್ರೂ ನೀವೂ ಬೆಳೆಸಿ ಅಂತಾರಲ್ಲ, ಏನು ವಿನಯ ಅಂತ ಕೈಮುಗಿಯೋ ಚಿತ್ರ ಹಾಕಿದರು.

ಹೆಂಡತಿ ಮರಿತಾಯಮ್ಮನಿಗೆ ಮಾತ್ರ ಒಳಗುಟ್ಟು ಗೊತ್ತಿತ್ತು. “ಕಂಡೋರ ಮನೆ ಸಾರು ತಂದು ನಮ್ಮನೇದು ಅಂತ ಬಡುಸ್ತೀರಲ್ಲ, ಒಂದಿನ ಸಾರು ಮಾಡ್ದೋಳೇ ಊಟಕ್ಕೆ ಬತ್ತಾಳೆ, ನೋಡ್ತಿರಿ,” ಅನ್ನುತ್ತಿದ್ದಳು.

ಮೂರು ತಿಂಗಳ ಹಿಂದೆ ಯಲಿಯೂರಿನ ಶಿವರಾಮು ಗುಂಪಿನಲ್ಲಿ ಒಂದು ಪ್ರಶ್ನೆ ಹಾಕಿದ. ಅವನದು ಬೆಲ್ಲ ಕಾಯಿಸೋ ಆಲೆಮನೆ. “ಅಣ್ಣೋ, ಪುಡಿಗಿಡಿ ಆಕದೆ ಕಬ್ಬಿನಾಲಿನ ಮಡ್ಡಿ ತೆಗೀತಿದ್ರಂತಲ್ಲ, ಎಂಗೆ?” ಕೆಂಪಸಿದ್ದಯ್ಯ ಎಂದಿನಂತೆ ಎತ್ತಿ ಸುರಿದ. ಬೆಂಡೆಗಿಡದ ಲೋಳೆ ಹಾಕಿ ಮಡ್ಡಿ ಎತ್ತೋದು, ಎಲ್ಲ ಸರಿಯಾಗೇ ಇತ್ತು. ಕೊನೇ ಸಾಲು ಮಾತ್ರ ಹೀಗಿತ್ತು: ‘ಪಾಕ ಹದಕ್ಕೆ ಬಂದ ಮೇಲೆ ತೂಬಾ ಬೇಗ ಇಳಿಸು ಉಕ್ತಾ ಇದೆ ಕೊಪ್ಪರಿಗೆಯನ್ನು ಇಳಿಸಿ ಅಚ್ಚಿಗೆ ಹುಯ್ಯುತ್ತಾರೆ.’

“ತೂಬಾ ಅಂದ್ರೇನಣ್ಣ?” ಅಂತ ಬರೆದ ಶಿವರಾಮು.

ಗೊತ್ತಿಲ್ಲ ಕಣಪ್ಪ ಅಂದಿದ್ದರೆ ಅಲ್ಲಿಗೆ ಮುಗಿದುಹೋಗುತ್ತಿತ್ತು. ಆದರೆ ಆ ಮಾತು ಅವನ ಬಾಯಲ್ಲಿ ಬಂದು ಎಷ್ಟೋ ಕಾಲವಾಗಿತ್ತು. “ಅದು ಆಲೆಮನೆ ಅಳೇ ಕೂಗು ಕಣ್ಲಾ. ಬೆಂಕಿ ಮುಂದಿರೋರಿಗೆ ಎಚ್ಚರಿಕೆ,” ಅಂತ ಬರೆದೇಬಿಟ್ಟ ಭೂಪ.

ಆ ಗುಂಪು ಕಟ್ಟಿದವನು ಮದ್ದೂರಿನ ಝುಬೇರ್, ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಮಾಡುವವನು. ಇಂಥ ಜ್ಞಾನಿಗೆ ಒಂದು ಶಾಲಾದರೂ ಹೊದಿಸಬೇಡವೇ ಅಂತ ಅವನ ತಲೆಗೆ ಬಂತು. ಭಾನುವಾರ ಬೆಳಿಗ್ಗೆ ಮದ್ದೂರಿನ ಛತ್ರದಲ್ಲಿ ಸನ್ಮಾನ, ಕೊನೆಗೆ ವಡೆ ಕಾಫಿ, ನಡುವೆ ಜನರಿಂದ ನೇರ ಪ್ರಶ್ನೆ ಅಂತ ಸಾರಿಬಿಟ್ಟ.

ನೇರ ಪ್ರಶ್ನೆ! ಫೋನು ನೋಡದೆ ಬಾಯಿಬಿಟ್ಟರೆ ಕೆಂಪಸಿದ್ದಯ್ಯನ ಬಣ್ಣ ಬಯಲು. ಅರವತ್ತೆರಡನೇ ವಯಸ್ಸಿನಲ್ಲಿ, ಅಷ್ಟು ಜನರೆದುರು, ಕಳ್ಳ ಅನ್ನಿಸಿಕೊಳ್ಳೋದೇ? ಹೊಟ್ಟೆನೋವು ಅಂತ ಮಲಗಿ ನೋಡಿದ. “ಮ್ಯಾಕ್ಕೇಳಿ, ಬಸ್ಸು ಓಯ್ತದೆ,” ಅಂದಳು ಮರಿತಾಯಮ್ಮ.

ಛತ್ರದಲ್ಲಿ ಶಾಲು, ಹಾರ, ಪೇಟ ಎಲ್ಲ ಆಯಿತು. ಶಿವರಾಮು ಮೈಕು ಹಿಡಿದ. “ಈವಣ್ಣ ಏಳ್ಕೊಟ್ಮೇಲೆ ನಮ್ಮ ಆಲೆಮನೇಲಿ ದಿನಾ ಅದೇ ಕೂಗು ಕಣ್ರಪ್ಪೋ. ಕೂಗ್ದಿದ್ರೆ ಬೆಲ್ಲದ ಪಾಕ ಅದಕ್ಕೇ ಬರಾಕಿಲ್ಲ. ಎಲ್ರೂ ಕೂಗಿ ಒಂದ್ಸಲ!” ಅಂತ ತೋಳೆತ್ತಿ, “ತೂಬಾ, ಬೇಗ ಇಳಿಸು! ಉಕ್ತಾ ಇದೆ!” ಅಂದ. ಛತ್ರಕ್ಕೆ ಛತ್ರವೇ ಕೂಗಿತು.

ಮೂರನೇ ಸಾಲಿನಲ್ಲಿದ್ದ ಒಬ್ಬ ಹೆಣ್ಣುಮಗಳು ಬೆಚ್ಚಿಬಿದ್ದು ಎದ್ದು ನಿಂತಳು. “ಏನ್ ಇಳಿಸ್ಲಿ? ಎಲ್ರೂ ಯಾಕೆ ನನ್ನ ಕೂಗ್ತಿದ್ದೀರ?”

ಅವಳ ಪಕ್ಕ ಕೂತಿದ್ದವರು ಅವಳ ಅತ್ತೆ ಹಬೀಬುನ್ನೀಸಾ, ಮಂಡ್ಯದಲ್ಲಿ ಕನ್ನಡ ಟೀಚರಾಗಿದ್ದವರು. ಝುಬೇರನ ಸೋದರತ್ತೆ ಅಂತ ಸಮಾರಂಭಕ್ಕೆ ಬಂದಿದ್ದರು. ಒಂದು ಗಳಿಗೆ ಕಣ್ಣು ಪಿಳಿಪಿಳಿ ಬಿಟ್ಟವರು, ಸೆರಗು ಬಾಯಿಗೆ ಒತ್ತಿಕೊಂಡು ನಗೋಕೆ ಶುರು ಮಾಡಿದರು. ನಕ್ಕೂ ನಕ್ಕೂ ಕಣ್ಣಲ್ಲಿ ನೀರು. “ಅಯ್ಯೋ, ಇವಳೇ ತೂಬಾ, ನನ್ನ ಸೊಸೆ! ಬೆಲ್ಲದ ಲೇಖನ ವಿಕಿಪೀಡಿಯಕ್ಕೆ ಬರೆದವಳು ನಾನು. ಬೆರಳು ನೋಯುತ್ತೆ ಅಂತ ಬಾಯಲ್ಲಿ ಹೇಳಿ ಫೋನಿನ ಕೈಲಿ ಬರೆಸ್ತೀನಿ. ಅವತ್ತು ಒಲೆ ಮೇಲೆ ಹಾಲಿತ್ತು, ಇವಳನ್ನ ಕೂಗಿದ್ದನ್ನೂ ಅದು ಬರೆದುಬಿಟ್ಟಿದೆ!”

ಎಲ್ಲರ ಕಣ್ಣೂ ಶಾಲಿನ ಮೇಲೆ. ನೆಲ ಬಾಯಿಬಿಡಬಾರದೇ ಅನ್ನಿಸಿತು ಕೆಂಪಸಿದ್ದಯ್ಯನಿಗೆ. ನೆಲ ಬಿಡಲಿಲ್ಲ, ಅವನೇ ಬಿಟ್ಟ.

“ಊ ಕಣ್ರಪ್ಪ,” ಅಂದ ಶಾಲು ತೆಗೆದು ಮಡಿಸುತ್ತ. “ನಂದು ಒಂದಕ್ಸರಾನೂ ಇಲ್ಲ. ಎಲ್ಲಾ ವಿಕಿಪೀಡಿಯದಿಂದ ಎತ್ಕಂಡ್ ಬಂದಿದ್ದು. ಯಾರೋ ತಾಯಿ ಬೆರಳು ನೋವಲ್ಲೂ ಬರೆದವ್ರೆ ಅಂತ ಯೋಚ್ನೇನೇ ಮಾಡ್ಲಿಲ್ಲ. ತೂಬಾ ಅಂದ್ರೇನು ಅಂತಾನೂ ಸುಳ್ಳೇಳ್ದೆ. ತಪ್ಪಾಯ್ತು ಟೀಚರಮ್ಮ. ಈ ಶಾಲು ನಿಮ್ದು.”

ಅಂತ ಕೆಳಗಿಳಿದು ಹೋಗಿ ಶಾಲನ್ನು ಅವರ ಹೆಗಲಿಗೆ ಹೊದಿಸಿದ್ದೇ ತಡ, ಎದೆ ಮೇಲಿದ್ದ ಬೀಸೋಕಲ್ಲು ಇಳಿದಂತಾಯಿತು ಅವನಿಗೆ.

“ಬರೆದಿದ್ದೇ ಹಂಚೋಕೆ,” ಅಂದರು ಹಬೀಬುನ್ನೀಸಾ. “ಎಲ್ಲಿಂದ ತಂದಿರಿ ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು. ಶಾಲು ಇರಲಿ, ನಂದೊಂದು ಪ್ರಶ್ನೆ ಇದೆ. ಎಷ್ಟು ಹುಡುಕಿದರೂ ವಿಕಿಪೀಡಿಯದಲ್ಲಿ ಸಿಗಲಿಲ್ಲ. ಮೂವತ್ತೊಂದು ವರ್ಷ ಮಿಷಿನ್ನು ನೋಡಿಕೊಂಡವರು ನೀವು ಅಂತ ಝುಬೇರ್ ಹೇಳಿದ. ಪವರ್‌ಹೌಸಲ್ಲಿ ಮಿಷಿನ್ನು ಕೆಡುತ್ತೆ ಅಂತ ನಿಮಗೆ ಮುಂಚೇನೇ ಹೇಗೆ ಗೊತ್ತಾಗ್ತಿತ್ತು?”

ಕೆಂಪಸಿದ್ದಯ್ಯನ ಕೈ ಜೇಬಿನ ಫೋನಿಗೆ ಹೋಯಿತು. ಹೋದ ಕೈ ಬರಿದೇ ವಾಪಸ್ಸು ಬಂತು. ಅರೆ, ಇದು ಅವನಿಗೆ ಗೊತ್ತಿತ್ತು!

“ಝುಬೇರಾ, ಒಂದು ಸ್ಕ್ರೂಡ್ರೈವರ್ ತತ್ತಾರ್ಲಾ,” ಅಂದವನೇ ಎಲ್ಲರನ್ನೂ ಛತ್ರದ ಹಿತ್ತಲಿಗೆ, ನೀರೆತ್ತೋ ಮೋಟಾರಿನ ಹತ್ತಿರ ಕರಕೊಂಡು ಹೋದ. ಓಡುತ್ತಿದ್ದ ಮೋಟಾರಿನ ಬೇರಿಂಗಿನ ಮೇಲೆ ಸ್ಕ್ರೂಡ್ರೈವರಿನ ತುದಿ ಇಟ್ಟ, ಹಿಡಿಯನ್ನು ಕಿವಿಗೆ ಒತ್ತಿಕೊಂಡ, ಕಣ್ಣು ಮುಚ್ಚಿದ. “ಚೆನ್ನಾಗಿರೋ ಬೇರಿಂಗು ಗುಂಯ್ ಅಂತ ಒಂದೇ ರಾಗ ಎಳೀತದೆ. ಕೆಡೋದು ಕರಕರ ಅಂತದೆ. ಬನ್ನಿ, ಕೇಳಿ. ಈ ಮೋಟಾರು ಇನ್ನೊಂದು ತಿಂಗಳು ಬದುಕುದ್ರೆ ಎಚ್ಚು!”

ತೂಬಾ ಕಿವಿಗೊಟ್ಟು ಕೇಳಿದಳು. ಝುಬೇರ್ ಕೇಳಿ, ನಿಜ ಕಣ್ರೋ ಅಂತ ತಲೆದೂಗಿದ. ಆಮೇಲೆ ಸಾಲೇ ಸಾಲು. ಅತ್ತ ವಡೆ ಆರಿ ತಣ್ಣಗಾಯಿತು, ಯಾರಿಗೂ ಚಿಂತೆಯಿಲ್ಲ. ಮೂವತ್ತೊಂದು ವರ್ಷ ಕಿವಿಯೊಳಗಿದ್ದದ್ದನ್ನೆಲ್ಲ ಹೇಳುತ್ತ ಕೆಂಪಸಿದ್ದಯ್ಯ ಮದುವೆ ಗಂಡಿನ ಹಾಗೆ ಕುಣಿದಾಡಿದ. ಶಾಲು ಹಬೀಬುನ್ನೀಸಾ ಹೆಗಲ ಮೇಲೇ ಉಳಿಯಿತು.

ಮಾರನೇ ಬೆಳಿಗ್ಗೆ ಗುಂಪಿಗೆ ಅವನದೊಂದು ಮೆಸೇಜು ಬಂತು. ‘ಪವರ್‌ಹೌಸಿನ ಬಗ್ಗೆ ಹೊಸ ಸಾಲು ಸೇರಿದೆ, ಓದಿ. ಇದನ್ನು ತೆಗೆದುಕೊಂಡದ್ದು ವಿಕಿಪೀಡಿಯದಿಂದ. ಬರೆದವರು ಹಬೀಬುನ್ನೀಸಾ ಟೀಚರು. ಹೇಳಿದವನು ನಾನು.’

ಹೆಂಡತಿಗೂ ವಿಕಿಪೀಡಿಯ ತೆಗೆದು ಆ ಸಾಲು ಓದಲು ಕೊಟ್ಟ. ಕನ್ನಡಕ ಏರಿಸಿಕೊಂಡು ಓದಿದ ಮರಿತಾಯಮ್ಮ ಸಾಲಿನ ತುದಿಗೆ ಬಂದವಳೇ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಲ್ಲಿ ಪುಟ್ಟ ಅಕ್ಷರದಲ್ಲಿ ‘ಉಲ್ಲೇಖದ ಅಗತ್ಯವಿದೆ’ ಅಂತಿತ್ತು.

“ಕದ್ದು ತಂದಿದ್ನೆಲ್ಲ ಜನ ಕಣ್ಮುಚ್ಕಂಡು ನಂಬುದ್ರು. ಸ್ವಂತದ್ದು ಏಳುದ್ರೆ ಸಾಕ್ಸಿ ಕೇಳ್ತಾವ್ರಲ್ರೀ!”

“ಕೇಳ್ಲಿ ಬುಡು,” ಅಂದ ಕೆಂಪಸಿದ್ದಯ್ಯ, ಅವಳಿಗಿಂತ ಜೋರಾಗಿ ನಗುತ್ತ. “ಸಾಕ್ಸಿ ಬೇಕಾದೋರು ಬಂದು ಕಿವಿ ಇಟ್ಟು ಕೇಳ್ಲಿ.”