ತಂಬಿಗೆ ಕೇಳಿದ ಕವಿತೆ

"ನಾಲ್ಕೇ ಸಾಲು! ಇದಕ್ಕ ಕವಿತಾ ಅಂತಾರೇನವಾ ಹೇಮಾ?"

ಓದುಗರ ಬಳಗದ ಹಿರಿಯ ಅಂದಪ್ಪ ಪ್ರಿಂಟ್ ತೆಗೆಸಿದ ಹಾಳೆಯನ್ನು ಮೇಜಿನ ಮೇಲೆ ಎಸೆದರು. ಭಾನುವಾರದ ಕವಿಗೋಷ್ಠಿಗೆ ಯಾರ ಕವಿತೆ ಸೇರಬೇಕೆಂದು ಹೇಳುವವರು ಅವರೇ.

"ಉಳಿದದ್ದು ಹಾಳ್ಯಾಗ ಬರೂದಿಲ್ರಿ ಸರ್. ಇಲ್ಲೆ ಒತ್ತಿ ನೋಡ್ಬೇಕ್ರಿ." ಹೇಮಾ ಕಂಪ್ಯೂಟರ್ ತೋರಿಸಿದಳು.

ಆಗ ೨೦೦೨ನೇ ಇಸವಿ. ಅವರೀಗ ಸೇರಿದ್ದ ಗಂಗಾವತಿಯ ಸೈಬರ್ ಕೆಫೆಯಲ್ಲೇ ಹೇಮಾ ವಾರಗಟ್ಟಲೆ ಕೂತು ಕಟ್ಟಿದ, ಗುಂಡಿ ಒತ್ತಿದಂತೆ ಸಾಲು ತೆರೆಯುವ ವೆಬ್ ಕವಿತೆ ಅದು. ಹತ್ತಿರದ ಮರಳಿ ಗ್ರಾಮದಲ್ಲಿ ಭತ್ತ ನಾಟಿ ಮಾಡುವ ಅವಳ ಅವ್ವ ದುರುಗವ್ವ, ಜೊತೆಯ ಹೆಂಗಸರೊಂದಿಗೆ ಬಾಗಿಲಲ್ಲಿ ನಿಂತಿದ್ದಳು.

ಅಂದಪ್ಪ ಕಂಪ್ಯೂಟರಿನ ಮುಂದೆ ಕೂತರು. ಕವಿತೆಯಲ್ಲಿ ನಾಟಿಯ ಹೆಣ್ಣೊಬ್ಬಳು ಬದುವಿನ ಮೇಲೆ ನಿಂತು ಕುಡಿಯಲು ನೀರು ಕೇಳುತ್ತಿದ್ದಳು. ಕೆಳಗೆ ಎರಡು ಗುಂಡಿ: 'ತಂಬಿಗೆ ಕೈಗೆ ಕೊಡು', 'ಬೊಗಸೆಗೆ ಮೇಲಿಂದ ಸುರಿ'. ಆ ಹೆಂಗಸರು ನಾಟಿ ಮಾಡುವ ಗದ್ದೆಯ ಧಣಿಯಾದ ಅಂದಪ್ಪ, ಗದ್ದೆಯಲ್ಲಿ ಅವರಿಗೆ ನೀರು ಕೊಡುವಂತೆಯೇ, ಯೋಚಿಸದೆ ಎರಡನೆಯದನ್ನೇ ಒತ್ತಿದರು. ಮೊದಲಿನ ನಾಲ್ಕು ಸಾಲೇ ಮರಳಿ ಬಂದವು. ಇನ್ನೊಮ್ಮೆ ಒತ್ತಿದರು. ಮತ್ತದೇ ಬಾಯಾರಿಕೆ.

"ಮಷಿನ್ ಕೆಟ್ಟೈತಿ!"

"ಮಷಿನ್ ಛಲೋ ಐತ್ರಿ ಧಣಿ," ಎಂದಳು ದುರುಗವ್ವ. "ನಿಮ್ಮ ಕೈ ರೂಢಿ ಬಿಡವಲ್ದು."

ಹೆಂಗಸರು ಗೊಳ್ಳೆಂದು ನಕ್ಕರು. ಅಂದಪ್ಪ ಎದ್ದುಬಿಟ್ಟರು.

"ಪೂರ್ತಿ ಓದದ ಯಾವ ಕವಿತಾನೂ ಬ್ಯಾಡ ಅನಬಾರ್ದು ಅಂತ ಬಳಗದಾಗ ನೀವ ನಿಯಮ ಮಾಡೀರಲ್ರಿ ಸರ್," ಎಂದಳು ಹೇಮಾ.

ಅಂದಪ್ಪ ಮತ್ತೆ ಕೂತು ತಂಬಿಗೆಯ ಗುಂಡಿ ಒತ್ತಿದರು. ಸಾಲಿನ ಹಿಂದೆ ಸಾಲು ತೆರೆಯುತ್ತಾ ಹೋಯಿತು. ಹೇಮಾ ದನಿಯೆತ್ತಿ ಓದಿದಳು. ನಾಟಿ ಹಾಡಿಗೆ ಸೊಲ್ಲು ಕೂಡಿಸುವ ಹಾಗೆ ಹೆಂಗಸರು ಒಂದೊಂದನ್ನೂ ಎತ್ತಿಕೊಂಡು ಹಾಡಿದರು. ಕೆಫೆಯೇ ಗುಂಯ್‌ಗುಟ್ಟಿತು.

"ಭಾನುವಾರ ಮೊದಲ್ನೇದು ನಿಂದ ಇರ್ಲಿ," ಎಂದರು ಅಂದಪ್ಪ ಮೆಲ್ಲಗೆ.

"ನಾವೂ ಬರ್ತೀವ್ರಿ," ಎಂದಳು ದುರುಗವ್ವ. "ತಂಬಿಗಿ ತುಂಬಿಸಿ ಇಟ್ಟಿರ್ರಿ."