ಕೆಳಸಾಲಿನ ಪೆಟ್ಟಿಗೆ

"ಸೇತುವೆ," ಎಂದಳು ಅಕ್ಕ, ಪೆಟ್ಟಿಗೆಯ ಮುಂಬದಿಯ ಕಪ್ಪು ಬಟ್ಟೆಗೆ ಬಾಯಿ ತಾಗಿಸಿ. ಬಟ್ಟೆಯ ಆಚೆ, ಒಂದು ಮಾರು ದೂರದಲ್ಲಿ ಬೆನ್ನು ಮಾಡಿ ನಿಂತಿದ್ದ ತಮ್ಮ ಆ ಪದವನ್ನು ಹಿಡಿದುಕೊಂಡು ಸಾಲು ಪೂರ್ತಿ ಹಾಡಿದ. ಮುಂದಿನ ಸಾಲಿಗೆ ಅವಳು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಅವಳು ಕೂತಿದ್ದ ಪೆಟ್ಟಿಗೆಯೇ ಒಂದು ಕಡೆಗೆ ವಾಲಿತು.

"ಇದೇನೋ, ಇದೊಂದು ಏಳ್ತಾನೇ ಇಲ್ಲ," ಎಂದಿತು ಹೊರಗೊಂದು ದನಿ.

"ಮಿಕ್ಕಿದ್ದೆಲ್ಲ ಒಂದೇ ಕೈಗೆ ಬಂತಲ್ಲೋ."

"ಇದರಲ್ಲಿ ನಿಜವಾದ ಸ್ಪೀಕರ್ ಇರ್ಬೇಕು. ಆ ಕಡೆ ಹಿಡ್ಕೋ. ಒಂದು, ಎರಡು..."

"ಮೂರು ಅಂದ್ರೆ ನೋಡಿ ಮತ್ತೆ!" ಎಂದಳು ಅಕ್ಕ ಒಳಗಿನಿಂದ.

ಪೆಟ್ಟಿಗೆ ದಡ್ಡನೆ ನೆಲಕ್ಕೆ ಕೂತಿತು. ಸಾಮಾನು ಎತ್ತುವವರಲ್ಲಿ ಒಬ್ಬ ಹಿಂದಕ್ಕೆ ಹಾರಿದ. ಇನ್ನೊಬ್ಬ ಮ್ಯಾನೇಜರನ್ನು ಕೂಗಿದ. ಮ್ಯಾನೇಜರ್ ಓಡಿಬಂದು ಪೆಟ್ಟಿಗೆಯ ಹಿಂಬದಿಗೆ ಬಗ್ಗಿ ನೋಡಿದರೆ, ಅರವತ್ತು ದಾಟಿದ ಹೆಂಗಸೊಬ್ಬಳು ದಿಂಬಿನ ಮೇಲೆ ಮೊಣಕಾಲು ಮಡಚಿ ಕೂತು ಅವನನ್ನೇ ನೋಡುತ್ತಿದ್ದಳು.

ಅವನು ತಂಡಕ್ಕೆ ಹೊಸಬ. ವೇದಿಕೆಯ ಹಿಂದೆ ಆಳೆತ್ತರ ಮೀರಿ ನಿಲ್ಲುವ ಈ ಸ್ಪೀಕರ್ ಗೋಡೆ ಬರೀ ತೋರಿಕೆಯದು ಎಂದು ಅವನಿಗೆ ಮೊದಲ ದಿನವೇ ಗೊತ್ತಾಗಿತ್ತು. ಸದ್ದೆಲ್ಲ ಹೊರಡುವುದು ಎರಡು ಬದಿಗೆ ತೂಗುಹಾಕಿದ ದೊಡ್ಡ ಸ್ಪೀಕರ್‌ಗಳಿಂದ. ಹಿಂದಿನ ಗೋಡೆ ಎಂದರೆ ತೆಳು ಹಲಗೆ, ಕಪ್ಪು ಬಣ್ಣ, ಬಟ್ಟೆ, ಒಳಗೆ ಗಾಳಿ. ಜನರಿಗೂ ಅರ್ಧಂಬರ್ಧ ಗೊತ್ತು. ಆದರೂ ದೀಪ ಹತ್ತಿ ಆ ಗೋಡೆ ಕಂಡದ್ದೇ, ಗಿಟಾರಿನ ತಂತಿ ಮುಟ್ಟುವ ಮೊದಲೇ ಕಿವಿ ಮುಚ್ಚಿಕೊಳ್ಳುವವರಿದ್ದರು. ಈಗ ಅದರ ಜಾಗಕ್ಕೆ ಬೆಳಕಿನ ಪರದೆಯೊಂದು ಬಂದಿತ್ತು. ಮೂರು ಬೆರಳು ದಪ್ಪ, ಬೇಕೆಂದರೆ ಬೆಂಕಿ, ಬೇಕೆಂದರೆ ಸಮುದ್ರ. ತಾಲೀಮು ನಡೆಯುತ್ತಿರುವಾಗಲೇ ಗೋಡೆ ತೆಗೆದುಬಿಡಿ ಎಂದು ಅವನೇ ಹೇಳಿದ್ದ. ಗೋಡೆಯೊಳಗೆ ಮನುಷ್ಯರಿದ್ದಾರೆಂದು ಅವನಿಗೆ ಯಾರೂ ಹೇಳಿರಲಿಲ್ಲ.

"ನೀವು ಬಟ್ಟೆ ಹೊಲಿಯೋ ಅಮ್ಮ ಅಲ್ವಾ? ಇವರ ಅಕ್ಕ?"

"ಹೌದಪ್ಪ. ಮೊದಲು ಕೈ ಕೊಡು. ಕಾಲು ಜೋಮು ಹಿಡಿದಿದೆ."

ತಮ್ಮ ಗಿಟಾರ್ ಇಳಿಸಿ ಬಂದ. ಜನ ಅವನನ್ನು ಕರೆಯುವುದು ಗುಡುಗು ಎಂದು. ಭಿತ್ತಿಚಿತ್ರಗಳಲ್ಲಿ ಅವನ ತಲೆಯ ಸುತ್ತ ಮಿಂಚು. ಅಕ್ಕನಿಗೆ ಮಾತ್ರ ಪುಟ್ಟು. ಅಕ್ಕ ಒಂದು ಕಾಲು ಹೊರಗೆ ಚಾಚಿದ್ದಳು, ಇನ್ನೊಂದು ಬರುತ್ತಿರಲಿಲ್ಲ. ಅವನು ಮಂಡಿಯೂರಿ ಅವಳ ಪಾದವನ್ನು ತಿಕ್ಕತೊಡಗಿದ.

"ನಾನೇ ಹೇಳ್ತೀನಿ," ಎಂದ, ತಲೆಯೆತ್ತದೆ. "ನನಗೆ ಪದ ಮರೆತುಹೋಗುತ್ತೆ."

"ಒಮ್ಮೊಮ್ಮೆ ಎಲ್ಲರಿಗೂ..." ಎಂದ ಮ್ಯಾನೇಜರ್.

"ಒಮ್ಮೊಮ್ಮೆ ಅಲ್ಲ."

ಹೋದ ವರ್ಷ ಶುರುವಾದದ್ದು. ತಾನೇ ಬರೆದ ಹಾಡು, ಸಾವಿರ ಸಲ ಹಾಡಿದ್ದು. ಮುಂದಿನ ಪದಕ್ಕೆ ಬಾಯಿ ತೆರೆದರೆ, ಕಾಲಿಟ್ಟ ಕಡೆ ಮೆಟ್ಟಿಲು ಇಲ್ಲದ ಹಾಗೆ, ಪದವೇ ಇರಲಿಲ್ಲ. ಅವನು ನಗುತ್ತಾ ಮೈಕನ್ನು ಜನರತ್ತ ಚಾಚಿದ. ಜನ ಹಾಡಿದರು. ಅಭಿಮಾನಿಗಳ ಮೇಲೆ ಎಂಥ ಪ್ರೀತಿ ಎಂದು ಪತ್ರಿಕೆಗಳು ಹೊಗಳಿದವು. ವೈದ್ಯರು ಹೊಗಳಲಿಲ್ಲ. ಇದು ಮೆಲ್ಲಗೆ ಹೆಚ್ಚುತ್ತಲೇ ಹೋಗುತ್ತದೆ ಎಂದರು. ಅದೇ ವಾರ ಅಕ್ಕ ಕೆಳಸಾಲಿನ ಒಂದು ಪೆಟ್ಟಿಗೆಯ ಹಿಂಬದಿಯ ಹಲಗೆ ಕೊಯ್ದು ತೆಗೆದಳು. ಗೋಡೆ ಸುಳ್ಳಿನದಾದ್ದರಿಂದಲೇ ಅದರ ಹತ್ತಿರ ಅಷ್ಟೊಂದು ಗದ್ದಲವಿರಲಿಲ್ಲ. ಸಾಲು ಮುಗಿಯುವಲ್ಲಿ ಡ್ರಮ್ಮರ್ ಕೈ ಹಗುರ ಮಾಡುತ್ತಿದ್ದ. ಗುಟ್ಟು ಗೊತ್ತಿದ್ದವನು ಅವನೊಬ್ಬನೇ. ಅಕ್ಕ ಕೊಡುತ್ತಿದ್ದದ್ದು ಬರೀ ಮೊದಲ ಪದ. ಒಂದು ತುದಿ ಸಿಕ್ಕರೆ ಅವನು ಉಳಿದದ್ದನ್ನು ದಾರದ ಹಾಗೆ ಎಳೆದುಕೊಳ್ಳುತ್ತಿದ್ದ. ಅದು ಸಿಗದಿದ್ದರೆ, ಇವತ್ತು ಸಂಜೆ, ತುಂಬಿದ ಮೈದಾನದ ಎದುರು ಅವನು ಬಾಯಿ ತೆರೆದು ನಿಲ್ಲಬೇಕು.

ಮ್ಯಾನೇಜರ್ ಕೈಗೆ ಸಿಕ್ಕ ಪೆಟ್ಟಿಗೆಯ ಮೇಲೆ ಕುಸಿದು ಕೂತ. ಅದು ಲಟಕ್ಕೆಂದಿತು. ಎದ್ದು ನಿಂತ.

"ಇಷ್ಟಕ್ಕೆ ನೀವ್ಯಾಕಮ್ಮ ಹೀಗೆ ಮುದುರಿಕೊಂಡು ಕೂರ್ಬೇಕು? ಇವರ ಕಿವಿಗೆ ಒಂದು ಚಿಕ್ಕ ಯಂತ್ರ ಇಡ್ತೀನಿ. ನೀವು ರೂಮಲ್ಲಿ ಫ್ಯಾನ್ ಕೆಳಗೆ ಕೂತು, ಟೀವಿ ನೋಡ್ಕೊಂಡು ಪದ ಹೇಳಿ. ಟೀ ತರಿಸ್ತೀನಿ."

"ಫ್ಯಾನ್ ಕೆಳಗಾ?" ಎಂದಳು ಅಕ್ಕ. ಅವಳಿಗೆ ನಿಜಕ್ಕೂ ಆಸೆಯಾಯಿತು.

ಕಿವಿಗೆ ಯಂತ್ರ ಇಟ್ಟು ತಾಲೀಮು ಮತ್ತೆ ಶುರುಮಾಡಿದರು. ರೂಮಿನಲ್ಲಿ ಮೆತ್ತನೆಯ ಕುರ್ಚಿಯಿತ್ತು. ಟೀವಿಯ ತುಂಬ ತಮ್ಮನ ಮುಖ. ಹಾಡುವಾಗ ಅವನ ಮುಖ ನೋಡಿ ವರ್ಷವೇ ಆಗಿತ್ತು. ಕಣ್ಣಿನ ಕೆಳಗೆ ಚರ್ಮ ಇಳಿಬಿದ್ದಿತ್ತು, ಹುಬ್ಬು ಒಂದು ಕಡೆ ನರೆತಿತ್ತು. ಇದನ್ನೆಲ್ಲ ನೋಡುತ್ತಾ ಅವಳು ಒಂದು ಪದ ತಡ ಮಾಡಿದಳು. ಅವನು ಅಷ್ಟರಲ್ಲಿ ತಾನೇ ಸಾಲು ಹಿಡಿದಿದ್ದ. ಎರಡೂ ಡಿಕ್ಕಿ ಹೊಡೆದು ಅವನು ಮುಗ್ಗರಿಸಿದ. ಇನ್ನೊಂದು ನುಡಿಗೆ ಬಂದಾಗ ಅವನು ಕೈ ಮೇಲೆತ್ತಿ, ಹಲ್ಲೆಲ್ಲ ಕಾಣುವಂತೆ ನಕ್ಕ. ಅವನಿಗೆ ನೆನಪಾಗಿದೆ ಎಂದುಕೊಂಡು ಅಕ್ಕ ಪದ ಕೊಡಲಿಲ್ಲ. ಡ್ರಮ್ ಒಂದೇ ಸಮ ಉರುಳುತ್ತಿತ್ತು. ಅವನು ನಗುತ್ತಲೇ ಇದ್ದ. ಹಾಡು ಬರಲಿಲ್ಲ.

ಅವಳು ಟೀ ಮುಟ್ಟದೆ ಎದ್ದು ವೇದಿಕೆಗೆ ಬಂದಳು.

"ಸರಿಯಾಗಿ ಕೇಳಿಸ್ಲಿಲ್ವಾ?" ಎಂದ ಮ್ಯಾನೇಜರ್.

"ಯಂತ್ರ ಚೆನ್ನಾಗಿದೆ ಕಣಪ್ಪ. ಇವನ ಮುಖವೇ ಸರಿ ಇಲ್ಲ."

"ಅಂದ್ರೆ?"

"ಅದು ಜನರಿಗೆ ಅಂತ ಇಟ್ಟಿರೋ ಮುಖ. ಮರೆತಾಗ ಇನ್ನೂ ಜೋರಾಗಿ ನಗುತ್ತೆ. ಬೆನ್ನಿಗೆ ಆ ವಿದ್ಯೆ ಬರಲ್ಲ. ಪದ ಕೈಕೊಡೋ ಮುಂಚೆ ಎಡಭುಜ ಮೇಲೆ ಹೋಗುತ್ತೆ. ಚಿಕ್ಕೋನು ಮಗ್ಗಿ ಒಪ್ಪಿಸುವಾಗ್ಲೂ ಹಾಗೇ, ಏಳರ ಮಗ್ಗಿ ಬಂತೂಂದ್ರೆ ಭುಜ ಕಿವಿ ಹತ್ರ."

"ಹೌದಾ?" ಎಂದು ತಮ್ಮ ತನ್ನ ಭುಜವನ್ನೇ ನೋಡಿಕೊಂಡ.

"ನೀನು ನೋಡ್ಕೋಬೇಡ ಮಾರಾಯ. ಆಮೇಲೆ ಅದನ್ನೂ ಆಡಿ ತೋರಿಸ್ತೀಯ."

ಡ್ರಮ್ಮರ್ ಗೊಳ್ಳೆಂದು ನಕ್ಕ. ಮ್ಯಾನೇಜರ್ ನಗಲಿಲ್ಲ. ಸ್ವಲ್ಪ ಹೊತ್ತು ಪರದೆಯನ್ನು ನೋಡಿದ. ಅಲ್ಲಿ ಯಾರಿಗೂ ಬೇಡದ ಸಮುದ್ರವೊಂದು ತನ್ನ ಪಾಡಿಗೆ ಉಕ್ಕುತ್ತಿತ್ತು. ಕೊನೆಗೆ ಅದನ್ನು ಆರಿಸಲು ಹೇಳಿ, ಸಾಮಾನು ಎತ್ತುವವರತ್ತ ತಿರುಗಿದ. "ಗೋಡೆ ವಾಪಸ್ ಕಟ್ಟಿ."

"ಅಮ್ಮ ಕೂರೋಕೆ ಮುಂಚೆ ಕಟ್ತೀವಿ ಸಾರ್," ಎಂದ ಅವರಲ್ಲೊಬ್ಬ.

ಪೆಟ್ಟಿಗೆಗಳು ಒಂದೊಂದಾಗಿ ಹಿಂದಿರುಗಿದವು. ಅಕ್ಕ ವೇದಿಕೆಯ ಅಂಚಿನಲ್ಲಿ ಕೂತು ಮೊಣಕಾಲು ನೀವಿಕೊಳ್ಳುತ್ತಿದ್ದಳು. ತಮ್ಮ ಬಂದು ಪಕ್ಕದಲ್ಲಿ ಕೂತ. ಎದುರಿಗೆ ಖಾಲಿ ಕುರ್ಚಿಗಳ ಮೈದಾನ.

"ಒಂದು ವರ್ಷದಿಂದ ನನ್ನ ಬೆನ್ನೇ ನೋಡ್ತಿದ್ದೀಯ ಅಕ್ಕಾ."

"ಅದಕ್ಕೇ ನಿನ್ನ ಕೋಟಿಗೆ ಹಿಂದುಗಡೆ ಹೊಲಿಗೆ ಅಷ್ಟು ನೇರ."

"ತಮಾಷೆ ಬೇಡ. ಇವತ್ತು ಮುಂದೆ ಕೂತ್ಕೋ. ಮೊದಲ್ನೇ ಸಾಲು, ನಡುಮಧ್ಯ. ನೀನು ನನ್ನ ನೋಡು, ನಾನೂ ನಿನ್ನ ನೋಡ್ತೀನಿ. ಇನ್ನು ಎಷ್ಟು ದಿನ ನಿನ್ನ ಮುಖ ನನಗೆ..." ಅವನು ವಾಕ್ಯ ಮುಗಿಸಲಿಲ್ಲ. ಅದು ಮರೆವಿನಿಂದಲ್ಲ. "ಮರೆತ್ರೆ ಮರೆತೆ. ಜನಕ್ಕೆ ಹೇಳಿಬಿಡ್ತೀನಿ. ಬರೆದೋನು ನಾನು, ಮರೆಯೋಕೆ ಹಕ್ಕಿಲ್ವಾ?"

ಅಕ್ಕ ಮೊದಲ ಸಾಲಿನ ಕುರ್ಚಿಗಳನ್ನು ನೋಡಿದಳು. ಕಾಲು ಚಾಚಲು ಜಾಗವಿತ್ತು. ಒರಗಿಕೊಳ್ಳಲು ಬೆನ್ನಿತ್ತು. ಟೀವಿಯಲ್ಲಿ ಕಂಡ ಆ ನರೆತ ಹುಬ್ಬು ಕಣ್ಣಿಗೆ ಬಂತು.

"ಅಲ್ಲಿಂದ ಚೆನ್ನಾಗಿ ಕಾಣುತ್ತಾ?"

"ಬೆವರೂ ಕಾಣುತ್ತೆ."

"ಅಲ್ಲಿಂದ ನಾನು ಕೂಗಿದ್ರೆ ನಿನಗೆ ಕೇಳುತ್ತಾ?"

ಅವನು ಮುಖಕ್ಕೆ ಒಂದು ನಗು ತಂದುಕೊಂಡ. ಅವಳು ನೋಡುತ್ತಲೇ ಇದ್ದುದರಿಂದ ಅದನ್ನು ಅಳಿಸಿಕೊಂಡ.

"ಇಲ್ಲ."

"ಹಾಗಾದ್ರೆ ಕೂರಲ್ಲ," ಎಂದಳು ಅಕ್ಕ.